ಸೂತ್ರ ಸರಿ, ಗುಣಾಕಾರ ಸರಿ, ಉತ್ತರ ಮಾತ್ರ ತಪ್ಪು: ಯೂನಿಟ್ ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಫಿಸಿಕ್ಸ್ ಲೆಕ್ಕಗಳಲ್ಲಿ ಸೂತ್ರ ಸರಿಯಾಗಿಯೇ ಹಾಕುತ್ತೇನೆ. ಗುಣಾಕಾರ, ಭಾಗಾಕಾರವೂ ತಪ್ಪುವುದಿಲ್ಲ. ಆದರೂ ಉತ್ತರ ಕೆಲವು ಸಲ ಸಾವಿರ ಪಟ್ಟು ಜಾಸ್ತಿ, ಕೆಲವು ಸಲ ಹತ್ತು ಸಾವಿರ ಪಟ್ಟು ಕಮ್ಮಿ ಬರುತ್ತದೆ. ಯೂನಿಟ್ಟನ್ನು ಕೊನೆಯಲ್ಲಿ ಮರೆಯದೆ ಬರೆಯುತ್ತೇನೆ. ಎಲ್ಲವನ್ನೂ ಮೊದಲೇ ಎಸ್‌ಐ ಯೂನಿಟ್‌ಗೆ, ಅಂದರೆ ಮೀಟರ್, ಕಿಲೋಗ್ರಾಂ, ಸೆಕೆಂಡ್‌ನಂಥವಕ್ಕೆ ತರಬೇಕು ಅಂತ ನಮ್ಮ ಲೆಕ್ಚರರ್ ಹೇಳುತ್ತಾರೆ. ಆದರೆ ಅವರೇ ಒಮ್ಮೊಮ್ಮೆ ಲೀಟರ್‌ನಲ್ಲಿ, ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಲೆಕ್ಕ ಮುಗಿಸುತ್ತಾರೆ. ಯಾವಾಗ ಬದಲಾಯಿಸಬೇಕು, ಯಾವಾಗ ಬೇಡ? ಪ್ರತಿ ಸಾಲಿನಲ್ಲೂ ಯೂನಿಟ್ ಬರೆಯುತ್ತಾ ಕೂತರೆ ಸಿಇಟಿಯಲ್ಲಿ ಸಮಯ ಸಾಲುತ್ತದೆಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಯೂನಿಟ್ಟನ್ನು ಕೊನೆಯಲ್ಲಿ ಬರೆಯುತ್ತೇನೆ ಎಂದಿದ್ದೀರಿ. ತಪ್ಪು ನುಸುಳುವುದು ಅಲ್ಲೇ. ಲೆಕ್ಕದ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ನಿಮ್ಮ ಹಾಳೆಯ ಮೇಲೆ ಬರೀ ಸಂಖ್ಯೆಗಳು ಓಡಾಡುತ್ತಿರುತ್ತವೆ. ಅವು ಯಾವ ಅಳತೆಯ ಸಂಖ್ಯೆಗಳು ಅನ್ನುವುದು ನಿಮ್ಮ ತಲೆಯಲ್ಲಿರುತ್ತದೆ, ಹಾಳೆಯಲ್ಲಿ ಇರುವುದಿಲ್ಲ. ಕೊನೆಗೆ ನೀವು ಬರೆಯುವ ಯೂನಿಟ್ ಲೆಕ್ಕದಿಂದ ಹುಟ್ಟಿದ್ದಲ್ಲ. ‘ಕೇಳಿರುವುದು ದೂರ, ಹಾಗಾಗಿ ಮೀಟರ್’ ಅಂತ ಊಹಿಸಿ ಅಂಟಿಸಿದ್ದು. ಹಾಗೆ ಅಂಟಿಸಿದ ಯೂನಿಟ್ ಯಾವ ತಪ್ಪನ್ನೂ ಹಿಡಿದುಕೊಡುವುದಿಲ್ಲ.

ಎಲ್ಲವನ್ನೂ ಎಸ್‌ಐಗೆ ತರುವುದು ಒಳ್ಳೆಯ ಅಭ್ಯಾಸ. ನಿಮ್ಮ ಲೆಕ್ಚರರ್ ಹೇಳುವುದು ಸರಿಯೇ. ಆದರೆ ಮೂಲ ನಿಯಮ ಅದಲ್ಲ. ಮೂಲ ನಿಯಮ ಇಷ್ಟು: ಅಳತೆ ಅಂದರೆ ಸಂಖ್ಯೆ ಗುಣಿಸು ಯೂನಿಟ್. ಸಂಖ್ಯೆಗೆ ಏನು ಮಾಡುತ್ತೀರೋ ಯೂನಿಟ್‌ಗೂ ಅದನ್ನೇ ಮಾಡಬೇಕು. ಸಂಖ್ಯೆಯನ್ನು ವರ್ಗ ಮಾಡಿದರೆ ಯೂನಿಟ್ಟೂ ವರ್ಗ ಆಗಬೇಕು. ಮೇಲೆ ಕೆಳಗೆ ಒಂದೇ ಯೂನಿಟ್ ಇದ್ದರೆ ಹೊಡೆದುಹಾಕಬಹುದು. ಬೇರೆ ಬೇರೆ ಇದ್ದರೆ ಹಾಗೇ ಉಳಿಯಬೇಕು. ಕೂಡುವುದು, ಕಳೆಯುವುದು ಒಂದೇ ಯೂನಿಟ್ ಇರುವವುಗಳ ನಡುವೆ ಮಾತ್ರ. ಬೀಜಗಣಿತದಲ್ಲಿ ಎಕ್ಸ್, ವೈ ಇಟ್ಟುಕೊಂಡು ಲೆಕ್ಕ ಮಾಡುತ್ತೀರಲ್ಲ, ಅದೇ ಶಿಸ್ತು.

ಒಂದು ಲೆಕ್ಕ ತೆಗೆದುಕೊಳ್ಳೋಣ. ಕಾರು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದೆ. ಬ್ರೇಕ್ ಒತ್ತಿದಾಗ ವೇಗ 5 ಮೀ/ಸೆ² ದರದಲ್ಲಿ ಇಳಿಯುತ್ತದೆ. ಎಷ್ಟು ದೂರ ಹೋಗಿ ನಿಲ್ಲುತ್ತದೆ? ಸೂತ್ರ ನಿಮಗೆ ಗೊತ್ತು: ವೇಗದ ವರ್ಗವನ್ನು ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಬೇಕು. ಬರೀ ಸಂಖ್ಯೆ ಹಾಕಿದರೆ 72 × 72 ÷ 10 = 518.4. ‘518.4 ಮೀಟರ್’ ಅಂತ ಬರೆದು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತೀರಿ. ಈಗ ಯೂನಿಟ್ ಜೊತೆಗಿಟ್ಟು ಬರೆಯಿರಿ:

(72 ಕಿಮೀ/ಗಂ)² ÷ (2 × 5 ಮೀ/ಸೆ²) = 518.4 ಕಿಮೀ²·ಸೆ² / (ಗಂ²·ಮೀ)

ಈ ಸಾಲಿನಲ್ಲಿ ತಪ್ಪೇನೂ ಇಲ್ಲ. ನೂರಕ್ಕೆ ನೂರು ಸರಿ. ಕೆಲಸ ಇನ್ನೂ ಮುಗಿದಿಲ್ಲ ಅಷ್ಟೇ. ಕಿಲೋಮೀಟರಿಗೂ ಮೀಟರಿಗೂ ಹೊಡೆದುಹಾಕಲು ಆಗುತ್ತಿಲ್ಲ, ಸೆಕೆಂಡಿಗೂ ಗಂಟೆಗೂ ಆಗುತ್ತಿಲ್ಲ. ಎಲ್ಲಿ ಬದಲಾಯಿಸಬೇಕು ಅನ್ನುವುದು ಹಾಳೆಯ ಮೇಲೇ ಕಾಣುತ್ತಿದೆ. 1 ಕಿಮೀ² ಅಂದರೆ 10⁶ ಮೀ². 1 ಗಂ² ಅಂದರೆ 3600 × 3600 ಸೆ², ಅಂದರೆ 1.296 × 10⁷ ಸೆ². ಹಾಕಿ ನೋಡಿ: ಸೆಕೆಂಡುಗಳು ಹೋದವು, ಒಂದು ಮೀಟರ್ ಹೋಯಿತು, ಉಳಿದದ್ದು 40 ಮೀಟರ್. ಈ ಮೀಟರ್ ಲೆಕ್ಕದೊಳಗಿಂದಲೇ ಬಂತು. ಮೊದಲೇ 72 ಕಿಮೀ/ಗಂ ಅನ್ನು 20 ಮೀ/ಸೆ ಮಾಡಿಕೊಂಡಿದ್ದರೂ ಅದೇ 40. ಮೊದಲು ಬದಲಾಯಿಸಿದರೆ ಬರೆಯುವುದು ಕಮ್ಮಿ, ಅದಕ್ಕೇ ಆ ಸಲಹೆ.

ಬದಲಾಯಿಸುವುದು ಅಂದರೆ ಒಂದರಿಂದ ಗುಣಿಸುವುದು. 1000 ಮೀ ಮೇಲೆ, 1 ಕಿಮೀ ಕೆಳಗೆ ಬರೆದರೆ ಅದರ ಬೆಲೆ 1. ತಿರುಗಿಸಿ ಬರೆದರೂ 1. ಯಾವುದು ಬೇಕು ಅಂತ ಯೂನಿಟ್ಟೇ ಹೇಳುತ್ತದೆ: ಕಿಮೀ ಮೇಲಿದ್ದರೆ, ಅದನ್ನು ಹೊಡೆದುಹಾಕಲು ಕಿಮೀ ಕೆಳಗಿರುವ ಒಂದನ್ನು ತಂದುಕೊಳ್ಳಿ. ಹೀಗೆ ಬರೆದರೆ 5/18ರಿಂದ ಗುಣಿಸಬೇಕೋ 18/5ರಿಂದಲೋ ಅನ್ನುವ ಗೊಂದಲ ಬರುವುದೇ ಇಲ್ಲ. ಬಾಯಿಪಾಠವೂ ಬೇಡ.

ಉತ್ತರ ಎಷ್ಟು ಪಟ್ಟು ತಪ್ಪಿದೆ ಅನ್ನುವುದನ್ನು ಸುಮ್ನೆ ಬಿಡಬೇಡಿ. ನಿಮ್ಮ ಉತ್ತರವನ್ನು ಪುಸ್ತಕದ ಉತ್ತರದಿಂದ ಭಾಗಿಸಿ. ಮೇಲಿನ ಲೆಕ್ಕದಲ್ಲಿ 518.4 ÷ 40 = 12.96, ಅದು 3.6ರ ವರ್ಗ. ವರ್ಗ ಆಗುವ ಜಾಗದಲ್ಲಿ ಕಿಮೀ/ಗಂ ಹಾಗೇ ಉಳಿದಿತ್ತು ಅಂತ ಆ ಒಂದು ಸಂಖ್ಯೆಯೇ ಹೇಳುತ್ತದೆ. 3.6 ಬಂದರೆ ವೇಗ ಒಂದೇ ಸಲ ಬಂದಿದೆ. 9.8 ಬಂದರೆ ತೂಕದ ಜಾಗದಲ್ಲಿ ದ್ರವ್ಯರಾಶಿ ಹಾಕಿದ್ದೀರಿ, ಅಥವಾ ತಿರುವುಮುರುವು. 4.2 ಬಂದರೆ ಕ್ಯಾಲೊರಿ, ಜೂಲ್ ಬೆರೆತಿವೆ. 57.3 ಬಂದರೆ ರೇಡಿಯನ್ ಇರಬೇಕಾದ ಕಡೆ ಡಿಗ್ರಿ. ಸಾವಿರ ಬಂದರೆ ಬಹುಪಾಲು ಗ್ರಾಂ. ಎಸ್‌ಐನಲ್ಲಿ ಮೂಲ ಯೂನಿಟ್ ಗ್ರಾಂ ಅಲ್ಲ, ಕಿಲೋಗ್ರಾಂ. ನ್ಯೂಟನ್, ಜೂಲ್, ವ್ಯಾಟ್, ಪ್ಯಾಸ್ಕಲ್ ಈ ಎಲ್ಲ ಹೆಸರುಗಳ ಒಳಗೂ ಕಿಲೋಗ್ರಾಂ ಅಡಗಿದೆ. ಗ್ರಾಂ ಹಾಕಿ ಗುಣಿಸಿದರೆ ಬರುವುದು ನ್ಯೂಟನ್ ಅಲ್ಲ. ನೀವು ಹೇಳಿದ ಹತ್ತು ಸಾವಿರ ಪಟ್ಟಿನ ತಪ್ಪಿಗೆ ಬಹುತೇಕ ಚದರ ಸೆಂಟಿಮೀಟರ್ ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ.

ಯೂನಿಟ್ ಬರೆಯದೆ ಮಾಡಿದ ಲೆಕ್ಕ ಹಾಳೆಯಿಂದ ಆಚೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ 1983ರ ಜುಲೈ 23ರಂದು ಕೆನಡಾದಲ್ಲಿ ನಡೆದದ್ದನ್ನು ಪ್ರತಿ ವಿದ್ಯಾರ್ಥಿಯೂ ತಿಳಿದಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಏರ್ ಕೆನಡಾದ 143ನೇ ವಿಮಾನ, ಆಗ ಹೊಸದಾಗಿದ್ದ ಬೋಯಿಂಗ್ 767, ಮಾಂಟ್ರಿಯಲ್‌ನಿಂದ ಒಟ್ಟಾವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಟಿತ್ತು. ಇಂಧನ ತೋರಿಸುವ ಉಪಕರಣ ಕೆಟ್ಟಿತ್ತು. ಹಾಗಾಗಿ ಟ್ಯಾಂಕಿನಲ್ಲಿ ಇಂಧನ ಎಷ್ಟಿದೆ ಅಂತ ಅಳತೆ ಕಡ್ಡಿಯಿಂದ ನೋಡಿ ಕೈಲೆಕ್ಕ ಮಾಡಿದರು. ಇದ್ದದ್ದು 7,682 ಲೀಟರ್. ಪ್ರಯಾಣಕ್ಕೆ ಬೇಕಿದ್ದದ್ದು 22,300 ಕಿಲೋಗ್ರಾಂ. ಇನ್ನೆಷ್ಟು ಲೀಟರ್ ತುಂಬಿಸಬೇಕು?

ಲೀಟರಿನಿಂದ ಕಿಲೋಗ್ರಾಂಗೆ ಹೋಗಲು ಸಾಂದ್ರತೆ ಬೇಕು. ಅವರ ಕೈಯಲ್ಲಿದ್ದ ಸಂಖ್ಯೆ 1.77. ಅವರು ಮಾಡಿದ್ದು ಹೀಗೆ: 7,682 × 1.77 = 13,597. ಬೇಕಾದ 22,300ರಲ್ಲಿ ಅದನ್ನು ಕಳೆದರೆ 8,703. ಅದನ್ನು ಮತ್ತೆ 1.77ರಿಂದ ಭಾಗಿಸಿದರೆ ಸುಮಾರು 4,917 ಲೀಟರ್. ಅಷ್ಟು ತುಂಬಿಸಿ ಹೊರಟರು. ಗುಣಾಕಾರ ಸರಿ, ವ್ಯವಕಲನ ಸರಿ, ಭಾಗಾಕಾರವೂ ಸರಿ. ನಿಮ್ಮ ಹಾಳೆಯಲ್ಲಿ ಆಗುವಂಥದ್ದೇ.

ಆದರೆ ಆ 1.77 ಅನ್ನುವುದು ಲೀಟರಿಗೆ 1.77 ಪೌಂಡ್. ಆ ಸಂಸ್ಥೆಯ ಹಳೆಯ ವಿಮಾನಗಳ ಲೆಕ್ಕ ಪೌಂಡಿನಲ್ಲಿತ್ತು, ಈ 767ರದ್ದು ಕಿಲೋಗ್ರಾಂನಲ್ಲಿ. ಕೆನಡಾ ಆಗಷ್ಟೇ ಮೆಟ್ರಿಕ್ ಪದ್ಧತಿಗೆ ಬದಲಾಗುತ್ತಿದ್ದ ಕಾಲ ಅದು. ಈಗ ಅದೇ ಲೆಕ್ಕವನ್ನು ಯೂನಿಟ್ ಸಮೇತ ಬರೆಯಿರಿ. 7,682 ಲೀಟರ್ × 1.77 ಪೌಂಡ್/ಲೀಟರ್. ಲೀಟರ್ ಹೋಗುತ್ತದೆ, 13,597 ಪೌಂಡ್ ಉಳಿಯುತ್ತದೆ. ಮುಂದಿನ ಸಾಲು 22,300 ಕೆಜಿ − 13,597 ಪೌಂಡ್. ಇಲ್ಲಿ ಪೆನ್ನು ತಾನಾಗಿ ನಿಲ್ಲುತ್ತದೆ. ಕೆಜಿಯಲ್ಲಿ ಪೌಂಡನ್ನು ಕಳೆಯಲು ಬರುವುದಿಲ್ಲ. ಸರಿಯಾದ ಸಾಂದ್ರತೆ ಲೀಟರಿಗೆ ಸುಮಾರು 0.803 ಕೆಜಿ. ಅದನ್ನು ಹಾಕಿದರೆ ಟ್ಯಾಂಕಿನಲ್ಲಿದ್ದದ್ದು 6,169 ಕೆಜಿ ಮಾತ್ರ. ತುಂಬಿಸಬೇಕಿದ್ದದ್ದು 20,000 ಲೀಟರಿಗೂ ಜಾಸ್ತಿ. ಹೊರಡುವಾಗ ಬೇಕಾದ ಇಂಧನದ ಅರ್ಧವೂ ಇರಲಿಲ್ಲ.

ವಿಮಾನ 41,000 ಅಡಿ ಎತ್ತರದಲ್ಲಿದ್ದಾಗ ಇಂಧನ ಖಾಲಿಯಾಗುತ್ತಾ ಬಂತು. ಒಂದಾದ ಮೇಲೆ ಒಂದು ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಅವರಿಗೆ ಗ್ಲೈಡರ್ ಹಾರಿಸಿ ಗೊತ್ತಿತ್ತು. ಸಹ ಪೈಲಟ್ ಮಾರಿಸ್ ಕ್ವಿಂಟಾಲ್ ಅವರಿಗೆ ಗಿಮ್ಲಿ ಅನ್ನುವ ಊರಿನ ಹಳೆಯ ವಾಯುಪಡೆ ನೆಲೆ ಗೊತ್ತಿತ್ತು. ಎಂಜಿನ್ ಇಲ್ಲದೆ ತೇಲಿಸಿಕೊಂಡು ಬಂದು ಅಲ್ಲಿ ಇಳಿಸಿದರು. ವಿಮಾನದಲ್ಲಿದ್ದ 69 ಮಂದಿಯೂ ಉಳಿದರು.

ಈ ಲೆಕ್ಕವನ್ನು ಹಿಡಿಯಲು ಇನ್ನೊಂದು ದಾರಿಯೂ ಇತ್ತು. ನೀರಿನ ಸಾಂದ್ರತೆ ಲೀಟರಿಗೆ 1 ಕೆಜಿ. ಸೀಮೆಎಣ್ಣೆ ನೀರಿನ ಮೇಲೆ ತೇಲುತ್ತದೆ, ವಿಮಾನದ ಇಂಧನವೂ ಅದೇ ಜಾತಿಯದು. ಹಾಗಾದರೆ ಅದರ ಸಾಂದ್ರತೆ ಲೀಟರಿಗೆ 1 ಕೆಜಿಗಿಂತ ಕಮ್ಮಿ ಇರಲೇಬೇಕು, ಅಲ್ವಾ? ಕೆಜಿಯಲ್ಲಿ 1.77 ಅನ್ನುವುದು ಸಾಧ್ಯವೇ ಇಲ್ಲ. ಯೂನಿಟ್ ಜೊತೆಗಿದ್ದರೆ ಸಂಖ್ಯೆ ನಂಬುವಂಥದ್ದೋ ಅಲ್ಲವೋ ಅಂತ ಕೇಳಲು ಆಗುತ್ತದೆ. ಬರೀ 1.77 ಅನ್ನು ಯಾರೂ ಪ್ರಶ್ನೆ ಮಾಡಲು ಆಗುವುದಿಲ್ಲ.

1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಬಳಿ ಕಳೆದುಹೋದದ್ದೂ ಇದೇ ಜಾತಿಯ ತಪ್ಪಿನಿಂದ. ಸಣ್ಣ ಎಂಜಿನ್‌ಗಳು ಕೊಟ್ಟ ತಳ್ಳಾಟದ ಲೆಕ್ಕವನ್ನು ಒಂದು ಸಾಫ್ಟ್‌ವೇರ್ ಪೌಂಡ್-ಸೆಕೆಂಡಿನಲ್ಲಿ ಕೊಟ್ಟಿತು, ಪಥ ಲೆಕ್ಕ ಹಾಕುವವರು ಅದನ್ನು ನ್ಯೂಟನ್-ಸೆಕೆಂಡ್ ಅಂದುಕೊಂಡರು. ಒಂದು ಪೌಂಡ್ ಬಲ ಅಂದರೆ 4.45 ನ್ಯೂಟನ್. ನೌಕೆ ಅಂದುಕೊಂಡದ್ದಕ್ಕಿಂತ ತುಂಬಾ ಕೆಳಗೆ, ಮಂಗಳದ ವಾತಾವರಣದೊಳಗೇ ಹೊಕ್ಕಿತು.

ಈಗ ನಿಮ್ಮ ಹತ್ತು ಸಾವಿರಕ್ಕೆ ಬರೋಣ. 1 ಮೀಟರ್ 100 ಸೆಂಟಿಮೀಟರ್, ಆದರೆ 1 ಚದರ ಮೀಟರ್ 10,000 ಚದರ ಸೆಂಟಿಮೀಟರ್. ಗೊತ್ತಿರುವ ವಿಷಯವೇ. ಚದರ ಸೆಂಟಿಮೀಟರನ್ನು ಬದಲಾಯಿಸದೆ ಬಿಟ್ಟರೆ ಹತ್ತು ಸಾವಿರ ಪಟ್ಟು ತಪ್ಪು. ಬದಲಾಯಿಸುವವರಿಗೂ ಅವಸರದಲ್ಲಿ ‘ಸೆಂ’ ಕಂಡ ಕೂಡಲೇ ಕೈ 10⁻² ಬರೆದುಬಿಡುತ್ತದೆ, ಆಗ ನೂರು ಪಟ್ಟು ತಪ್ಪು. ಬೆಂಗಳೂರಿನಲ್ಲಿ ಥರ್ಟಿ ಫಾರ್ಟಿ ಸೈಟ್ ಅಂದರೆ 1,200 ಚದರ ಅಡಿ. ಚದರ ಮೀಟರ್‌ನಲ್ಲಿ ಎಷ್ಟು ಅಂತ ಕೇಳಿದರೆ 3.28ರಿಂದ ಭಾಗಿಸಿ 366 ಅನ್ನುವವರು ಇದ್ದಾರೆ. ಭಾಗಿಸಬೇಕಾದದ್ದು 3.28ರ ವರ್ಗದಿಂದ, ಅಂದರೆ 10.76ರಿಂದ. ಉತ್ತರ ಸುಮಾರು 111 ಚದರ ಮೀಟರ್. ವರ್ಗದ ಚಿಹ್ನೆ ಯೂನಿಟ್‌ನ ತಲೆ ಮೇಲೆ ಕೂತಿದ್ದರೆ ಬದಲಾಯಿಸುವ ಸಂಖ್ಯೆಯ ಮೇಲೂ ಅದು ಕೂರಬೇಕು.

ವೈರಿನ ಲೆಕ್ಕದಲ್ಲಿ ಇದು ಇನ್ನೂ ಜಾಸ್ತಿ. ಎಲೆಕ್ಟ್ರಿಷಿಯನ್‌ಗಳು ‘ಎರಡೂವರೆ ಎಂಎಂ ವೈರ್’ ಅನ್ನುತ್ತಾರೆ. ಅದು ದಪ್ಪ ಅಲ್ಲ, ಅಡ್ಡಕೊಯ್ತದ ವಿಸ್ತೀರ್ಣ: 2.5 ಚದರ ಮಿಲಿಮೀಟರ್. ಅಷ್ಟು ತಾಮ್ರವನ್ನು ಒಂದೇ ತಂತಿಯಾಗಿ ಎಳೆದರೆ ಅದರ ವ್ಯಾಸ 1.8 ಮಿಲಿಮೀಟರಿನಷ್ಟೇ. ಇಂಥ 10 ಮೀಟರ್ ತಾಮ್ರದ ತಂತಿಯ ರೋಧ ಎಷ್ಟು? ತಾಮ್ರದ ರೋಧಶೀಲತೆ 1.7 × 10⁻⁸ ಓಮ್·ಮೀ. 2.5 ಮಿಮೀ² ಅನ್ನು 2.5 × (10⁻³ ಮೀ)² ಅಂತ ಆವರಣ ಹಾಕಿ ಬರೆಯಿರಿ. ಆವರಣ ಬಿಚ್ಚಿದರೆ 2.5 × 10⁻⁶ ಮೀ². ಉತ್ತರ 0.068 ಓಮ್. ಆವರಣ ಹಾಕಿ ಬರೆಯುವ ಈ ಅಭ್ಯಾಸ ಒಂದನ್ನೇ ಮಾಡಿಕೊಂಡರೂ ನಿಮ್ಮ ಅರ್ಧ ತಪ್ಪುಗಳು ಹೋಗುತ್ತವೆ. ಘನ ಸೆಂಟಿಮೀಟರ್‌ಗೂ ಹೀಗೇ: (10⁻² ಮೀ)³, ಅಂದರೆ 10⁻⁶ ಮೀ³.

ಯಾವಾಗ ಎಸ್‌ಐ ಬೇಡ? ಲೆಕ್ಕದ ಒಳಗೆ ಎಲ್ಲ ಯೂನಿಟ್‌ಗಳೂ ಒಂದಕ್ಕೊಂದು ಹೊಂದಿಕೊಂಡಿದ್ದರೆ ಬೇಡ. ನಮ್ಮ ಪತ್ರಿಕೆಗಳಲ್ಲಿ ಮಳೆಗಾಲ ಪೂರ್ತಿ ಕಾಣುವ ಲೆಕ್ಕ ನೋಡಿ. ಜಲಾಶಯದ ಒಳಹರಿವು ಕ್ಯುಸೆಕ್‌ನಲ್ಲಿ, ಸಂಗ್ರಹ ಟಿಎಂಸಿಯಲ್ಲಿ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಕೆಆರ್‌ಎಸ್‌ಗೆ 20,000 ಕ್ಯುಸೆಕ್ ಒಳಹರಿವು ಇದೆ, ಹೊರಗೆ ಏನೂ ಬಿಡುತ್ತಿಲ್ಲ ಅಂದುಕೊಳ್ಳಿ. ದಿನಕ್ಕೆ 86,400 ಸೆಕೆಂಡು. 20,000 ಅಡಿ³/ಸೆ × 86,400 ಸೆ/ದಿನ = 1.728 × 10⁹ ಅಡಿ³/ದಿನ, ಅಂದರೆ ದಿನಕ್ಕೆ 1.7 ಟಿಎಂಸಿ ಚಿಲ್ಲರೆ. ಹತ್ತು ಟಿಎಂಸಿ ತುಂಬಲು ಆರು ದಿನಕ್ಕೆ ಸ್ವಲ್ಪ ಕಮ್ಮಿ. ಮೀಟರ್ ಎಲ್ಲೂ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಅಡಿಯಲ್ಲೇ ಶುರು, ಅಡಿಯಲ್ಲೇ ಮುಗಿಯಿತು.

ನಿಮ್ಮ ಲೆಕ್ಚರರ್ ಎಲೆಕ್ಟ್ರಾನ್ ವೋಲ್ಟ್‌ನಲ್ಲೇ ಇರುವುದೂ ಇದಕ್ಕೇ. ಪ್ಲ್ಯಾಂಕ್ ಸ್ಥಿರಾಂಕ ಮತ್ತು ಬೆಳಕಿನ ವೇಗದ ಗುಣಲಬ್ಧ 1,240 ಎಲೆಕ್ಟ್ರಾನ್ ವೋಲ್ಟ್·ನ್ಯಾನೋಮೀಟರ್. 400 ನ್ಯಾನೋಮೀಟರ್ ತರಂಗದೂರದ ಬೆಳಕು ಬಿದ್ದರೆ ಫೋಟಾನ್ ಶಕ್ತಿ 1,240 ÷ 400 = 3.1 ಎಲೆಕ್ಟ್ರಾನ್ ವೋಲ್ಟ್. ಸೀಸಿಯಂನ ವರ್ಕ್ ಫಂಕ್ಷನ್, ಅಂದರೆ ಅದರಿಂದ ಎಲೆಕ್ಟ್ರಾನ್ ಹೊರಬರಲು ಬೇಕಾದ ಕನಿಷ್ಠ ಶಕ್ತಿ, 2.14. ಕಳೆದರೆ ಹೊರಬಂದ ಎಲೆಕ್ಟ್ರಾನಿನ ಗರಿಷ್ಠ ಶಕ್ತಿ 0.96. ಒಂದು ಸಾಲಿನಲ್ಲಿ ಮುಗಿಯಿತು. ಇದನ್ನೇ ಜೂಲ್‌ಗೆ ತಂದು 10⁻¹⁹ಗಳ ಜೊತೆ ಗುದ್ದಾಡುವುದು ಯಾಕೆ? ತಪ್ಪಾಗುವುದು ಫೋಟಾನ್ ಶಕ್ತಿಯನ್ನು ಜೂಲ್‌ನಲ್ಲಿ ತೆಗೆದು, ಅದರಿಂದ ಎಲೆಕ್ಟ್ರಾನ್ ವೋಲ್ಟ್‌ನಲ್ಲಿರುವ ವರ್ಕ್ ಫಂಕ್ಷನ್ ಕಳೆದಾಗ. ಎಲೆಕ್ಟ್ರಾನಿನ ವೇಗ ಕೇಳಿದರೆ ಮಾತ್ರ ಜೂಲ್‌ಗೆ ಬರಲೇಬೇಕು, ಯಾಕೆಂದರೆ ದ್ರವ್ಯರಾಶಿ ಕಿಲೋಗ್ರಾಂನಲ್ಲಿದೆ.

ಅನಿಲದ ಲೆಕ್ಕದಲ್ಲಿ ಸ್ಥಿರಾಂಕವೇ ನಿಮಗೆ ಯೂನಿಟ್ ಹೇಳುತ್ತದೆ. 8.314 ಅಂದರೆ ಜೂಲ್/(ಮೋಲ್·ಕೆಲ್ವಿನ್). 0.0821 ಅಂದರೆ ಲೀಟರ್·ಅಟ್ಮಾಸ್ಫಿಯರ್/(ಮೋಲ್·ಕೆಲ್ವಿನ್). ಎರಡೂ ಒಂದೇ ಸ್ಥಿರಾಂಕ. ಮೊದಲನೆಯದನ್ನು ಹಿಡಿದರೆ ಪ್ಯಾಸ್ಕಲ್ ಮತ್ತು ಘನ ಮೀಟರ್, ಎರಡನೆಯದಾದರೆ ಅಟ್ಮಾಸ್ಫಿಯರ್ ಮತ್ತು ಲೀಟರ್. ಸ್ಥಿರಾಂಕವನ್ನು ಬರೀ ಸಂಖ್ಯೆಯಾಗಿ ನೆನಪಿಟ್ಟುಕೊಳ್ಳಬೇಡಿ, ಯೂನಿಟ್ ಸಮೇತ ನೆನಪಿಟ್ಟುಕೊಳ್ಳಿ. ಇನ್ನು ‘ಮೊದಲು ಇಷ್ಟಿತ್ತು, ಆಮೇಲೆ ಎಷ್ಟು?’ ಅನ್ನುವ ಅನುಪಾತದ ಲೆಕ್ಕಗಳಲ್ಲಿ ಒತ್ತಡ, ಗಾತ್ರ ಯಾವ ಯೂನಿಟ್‌ನಲ್ಲಿದ್ದರೂ ನಡೆಯುತ್ತದೆ. ಎರಡೂ ಕಡೆ ಒಂದೇ ಇದ್ದರೆ ಹೋಗುತ್ತವೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಯೂನಿಟ್ ಹೊಂದಿದರೂ ಸೊನ್ನೆ ಹೊಂದದೆ ಹೋಗಬಹುದು. ಸೆಲ್ಸಿಯಸ್ಸಿನ ಸೊನ್ನೆ ನೀರು ಹೆಪ್ಪುಗಟ್ಟುವ ಜಾಗ, ನಿಜವಾದ ಸೊನ್ನೆ ಅಲ್ಲ. ಕಾರಿನ ಟೈರ್ ತೆಗೆದುಕೊಳ್ಳಿ. ಬೆಳಿಗ್ಗೆ 30 ಡಿಗ್ರಿಯಲ್ಲಿ 32 ಪಿಎಸ್‌ಐ ಗಾಳಿ ಹಾಕಿಸಿದಿರಿ. ಹೈವೇಯಲ್ಲಿ ಓಡಿ ಟೈರಿನ ಗಾಳಿ 60 ಡಿಗ್ರಿಗೆ ಬಂತು, ಗಾತ್ರ ಬದಲಾಗಿಲ್ಲ ಅಂದುಕೊಳ್ಳಿ. 60 ÷ 30 = 2 ಅಂತ 64 ಪಿಎಸ್‌ಐ ಅಂದರೆ ಟೈರ್ ಸಿಡಿಯಬೇಕಿತ್ತು. ಕೆಲ್ವಿನ್‌ನಲ್ಲಿ ಅನುಪಾತ 333 ÷ 303, ಅಂದರೆ 1.10ರಷ್ಟೇ.

ಇಷ್ಟು ಬಹಳ ಜನ ಸರಿ ಮಾಡುತ್ತಾರೆ. ಮುಂದಿನದನ್ನು ಬಿಟ್ಟುಬಿಡುತ್ತಾರೆ. ಪೆಟ್ರೋಲ್ ಬಂಕಿನ ಗೇಜು ತೋರಿಸುವ 32 ಅನ್ನುವುದು ಹೊರಗಿನ ವಾತಾವರಣದ ಒತ್ತಡದ ಮೇಲಿನ 32. ಪೂರ್ತಿ ಒತ್ತಡ 32 + 14.7 = 46.7. ಅದನ್ನು ಅನುಪಾತದಿಂದ ಗುಣಿಸಿದರೆ 51.3. ಗೇಜಿಗೆ ತಿರುಗಿ ಬರಲು 14.7 ಕಳೆದರೆ ಸುಮಾರು 36.6 ಪಿಎಸ್‌ಐ. ಇಲ್ಲಿ ಎಲ್ಲವೂ ಪಿಎಸ್‌ಐಯೇ. ಯೂನಿಟ್ ಬರೆದರೂ ಈ ತಪ್ಪು ತಾನಾಗಿ ಕಾಣುವುದಿಲ್ಲ. ಎಲ್ಲಿಂದ ಎಣಿಸಿದ್ದು ಅಂತ ಕೇಳಲೇಬೇಕು. ಜಲಾಶಯದ ಮಟ್ಟವೂ ಹಾಗೇ. ಆಲಮಟ್ಟಿಯ 519.60 ಮೀಟರ್ ಸಮುದ್ರ ಮಟ್ಟದಿಂದ ಎಣಿಸಿದ್ದು. ಕೆಆರ್‌ಎಸ್‌ನ 124.80 ಅಡಿ ಅಲ್ಲಿನದೇ ಸೊನ್ನೆಯಿಂದ ಎಣಿಸಿದ್ದು. ಅಡಿಯನ್ನು ಮೀಟರ್ ಮಾಡಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಇದಕ್ಕೆ ಒಂದು ಸುಲಭ ಗುರುತು ಇದೆ. ವ್ಯತ್ಯಾಸ ಮಾತ್ರ ಬೇಕಿದ್ದರೆ, ಅಂದರೆ ನೀರನ್ನು 20ರಿಂದ 50 ಡಿಗ್ರಿಗೆ ಕಾಯಿಸುವ ಲೆಕ್ಕವಾದರೆ, ಸೆಲ್ಸಿಯಸ್ ಸಾಕು. ಗುಣಿಸುವ, ಭಾಗಿಸುವ ಜಾಗದಲ್ಲಿ ವ್ಯತ್ಯಾಸವಲ್ಲದೆ ಉಷ್ಣತೆಯೇ ನಿಂತಿದ್ದರೆ ಕೆಲ್ವಿನ್ ಬೇಕೇ ಬೇಕು.

ಇನ್ನೊಂದು ವಿಷಯ ನಿಮ್ಮ ಪಠ್ಯದಲ್ಲಿ ಇಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಯೂನಿಟ್‌ನ ಬಲ ಇಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸಿದ ಮೇಲೆ ‘ಎರಡು ಇಂಚು ನೀರು ಬಿತ್ತು’ ಅನ್ನುತ್ತಾರೆ. ಇಂಚು ಉದ್ದದ ಅಳತೆ, ಹರಿವಿನದ್ದಲ್ಲ. ವಿ-ನಾಚ್ ಇಟ್ಟು ಅಳೆಯುವಾಗ, ಅಂದರೆ ವಿ ಆಕಾರದಲ್ಲಿ ಕತ್ತರಿಸಿದ ತಗಡಿನ ಮೂಲಕ ನೀರು ಹರಿಸುವಾಗ, ವಿ-ಯ ಮೂಲೆಯಿಂದ ನೀರು ಎಷ್ಟು ಇಂಚು ಎತ್ತರ ನಿಂತಿದೆ ಅನ್ನುವುದು ಆ ಸಂಖ್ಯೆ. ಹಾಗಾದರೆ ನಾಲ್ಕು ಇಂಚು ನೀರು ಅಂದರೆ ಎರಡು ಇಂಚಿನ ಎರಡರಷ್ಟಾ?

ಸೂತ್ರ ಗೊತ್ತಿಲ್ಲದೆಯೇ ಉತ್ತರ ಹೇಳಬಹುದು. ಹರಿವಿನ ಯೂನಿಟ್ ಮೀ³/ಸೆ. ಅದು ನೀರಿನ ಎತ್ತರ (ಮೀ) ಮತ್ತು ಗುರುತ್ವ ವೇಗೋತ್ಕರ್ಷ (ಮೀ/ಸೆ²) ಎರಡರಿಂದಲೇ ಬರಬೇಕು. ಕೆಳಗೆ ಒಂದೇ ಸೆಕೆಂಡ್ ಬರಬೇಕಾದರೆ ಗುರುತ್ವದ ವರ್ಗಮೂಲ ತೆಗೆಯಬೇಕು. ಅದರಿಂದ ಮೀಟರಿನ ಘಾತ ಅರ್ಧ ಬಂತು. ಒಟ್ಟು ಮೂರು ಆಗಲು ಎತ್ತರದಿಂದ ಎರಡೂವರೆ ಬರಬೇಕು. ಅಂದರೆ ಹರಿವು ಎತ್ತರದ 2.5ನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಎತ್ತರ ಎರಡರಷ್ಟಾದರೆ ಹರಿವು 5.66 ಪಟ್ಟು! 90 ಡಿಗ್ರಿಯ ವಿ-ನಾಚ್‌ಗೆ ಎರಡು ಇಂಚು ಅಂದರೆ ಸೆಕೆಂಡಿಗೆ ಸುಮಾರು 0.8 ಲೀಟರ್, ನಾಲ್ಕು ಇಂಚು ಅಂದರೆ ಸುಮಾರು 4.5 ಲೀಟರ್.

ಈ ವಿ-ನಾಚ್‌ನ ಸೂತ್ರದಲ್ಲಿ ಎತ್ತರದ 2.5ನೇ ಘಾತವನ್ನು ಒಂದು ಸ್ಥಿರಾಂಕದಿಂದ ಗುಣಿಸುತ್ತಾರೆ. ಮೀಟರಿನ ಪುಸ್ತಕದಲ್ಲಿ ಅದು 1.38 ಅಂತಿರುತ್ತದೆ, ಅಡಿಯ ಪುಸ್ತಕದಲ್ಲಿ 2.5. ಯಾವುದು ಸರಿ? ಎರಡೂ ಸರಿ. ಆ ಸ್ಥಿರಾಂಕದೊಳಗೆ ಗುರುತ್ವದ ವರ್ಗಮೂಲ ಇದೆ, ಹಾಗಾಗಿ ಅದರ ಯೂನಿಟ್ ಮೀಟರಿನ ವರ್ಗಮೂಲ/ಸೆಕೆಂಡ್. 3.28ರ ವರ್ಗಮೂಲ 1.81. 1.38 × 1.81 = 2.5. ಎಂಜಿನಿಯರಿಂಗ್ ಕೈಪಿಡಿಗಳಲ್ಲಿ ಇಂಥ ಸೂತ್ರಗಳು ರಾಶಿ ಇವೆ. ಅವುಗಳ ಸ್ಥಿರಾಂಕ ಬರೀ ಸಂಖ್ಯೆಯಂತೆ ಕಾಣುತ್ತದೆ, ಆದರೆ ಒಳಗೆ ಯೂನಿಟ್ ಇರುತ್ತದೆ. ಮುಂದೆ ಎಂಜಿನಿಯರಿಂಗ್ ಓದಿದರೆ ಇದನ್ನು ಮರೆಯಬೇಡಿ.

ಯೂನಿಟ್ ಹಿಡಿಯದ ತಪ್ಪುಗಳೂ ಇವೆ. ಅರ್ಧ, ಎರಡು, ಪೈ ಇವುಗಳಿಗೆ ಯೂನಿಟ್ ಇಲ್ಲ. ಚಲನಶಕ್ತಿಯಲ್ಲಿ ಅರ್ಧ ಬಿಟ್ಟರೂ ಯೂನಿಟ್ ಜೂಲ್ ಆಗಿಯೇ ಬರುತ್ತದೆ. ರೇಡಿಯನ್ನೂ ಹಾಗೇ, ಉದ್ದವನ್ನು ಉದ್ದದಿಂದ ಭಾಗಿಸಿದ್ದು. ಮೋಟಾರು ನಿಮಿಷಕ್ಕೆ 1,440 ಸುತ್ತು ತಿರುಗುತ್ತದೆ ಅಂದರೆ ಸೆಕೆಂಡಿಗೆ 24 ಸುತ್ತು. ಆದರೆ ಕೋನೀಯ ವೇಗದ ಸೂತ್ರಕ್ಕೆ ಬೇಕಾದದ್ದು 24 × 2 × ಪೈ, ಅಂದರೆ ಸೆಕೆಂಡಿಗೆ 150.8 ರೇಡಿಯನ್. 24 ಹಾಕಿದರೆ ಯೂನಿಟ್ ಏನೂ ದೂರು ಹೇಳುವುದಿಲ್ಲ. ಹಾಗಾಗಿ ‘ಸುತ್ತು’, ‘ರೇಡಿಯನ್’ ಅಂತ ಪದದಲ್ಲೇ ಬರೆದಿಟ್ಟುಕೊಳ್ಳಿ. ಟಾರ್ಕಿನ ನ್ಯೂಟನ್-ಮೀಟರ್ ಮತ್ತು ಶಕ್ತಿಯ ಜೂಲ್ ಯೂನಿಟ್‌ನಲ್ಲಿ ಒಂದೇ ಆದರೂ ಅವು ಬೇರೆ ಬೇರೆ ಅನ್ನುವುದೂ ನೆನಪಿರಲಿ. ಕ್ಯಾಲ್ಕುಲೇಟರ್ ಬಳಸುವಾಗ ಅದು ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ಅಂತ ಮೊದಲೇ ನೋಡಿಕೊಳ್ಳಿ. 30 ಡಿಗ್ರಿಯ ಸೈನ್ ಒತ್ತಿ 0.5 ಬಂದರೆ ಡಿಗ್ರಿಯಲ್ಲಿದೆ.

ಕೊನೆಗೆ ಸಮಯದ ಪ್ರಶ್ನೆ. ಸಿಇಟಿಯಲ್ಲಿ ಫಿಸಿಕ್ಸ್‌ಗೆ 60 ಪ್ರಶ್ನೆ, 80 ನಿಮಿಷ. ಅಲ್ಲಿ ಪ್ರತಿ ಸಾಲಿನಲ್ಲೂ ಪೂರ್ತಿ ಯೂನಿಟ್ ಬರೆಯಲು ಆಗುವುದಿಲ್ಲ, ನಿಜ. ಮನೆಯಲ್ಲಿ ಅಭ್ಯಾಸ ಮಾಡುವಾಗ ಮಾತ್ರ ಒಂದು ಸಾಲನ್ನೂ ಬಿಡದೆ ಬರೆಯಿರಿ. ಪರೀಕ್ಷೆಯಲ್ಲಿ ಎರಡು ಕಡೆ ಸಾಕು. ಮೊದಲನೆಯದು, ಪ್ರಶ್ನೆಯಲ್ಲಿ ಕೊಟ್ಟ ಅಳತೆಗಳನ್ನು ಇಳಿಸಿಕೊಳ್ಳುವಾಗಲೇ 10ರ ಘಾತ ಹಾಕಿ ಬದಲಾಯಿಸಿ ಬರೆಯುವುದು. 5 ಸೆಂಮೀ ಅಂತ ಬರೆದುಕೊಂಡು ಆಮೇಲೆ ಬದಲಾಯಿಸೋಣ ಅಂದುಕೊಂಡರೆ ಮರೆಯುವುದು ಖಂಡಿತ. ಎರಡನೆಯದು, ಸಂಖ್ಯೆ ಹಾಕುವ ಮೊದಲು ಅಕ್ಷರಗಳಲ್ಲೇ ಸೂತ್ರ ಸರಳ ಮಾಡಿ, ಎರಡೂ ಕಡೆಯ ಯೂನಿಟ್ ಒಂದೇನಾ ಅಂತ ಒಮ್ಮೆ ನೋಡುವುದು. ಸಂಖ್ಯೆಗಳನ್ನು ಒಂದು ಕಡೆ, 10ರ ಘಾತಗಳನ್ನು ಇನ್ನೊಂದು ಕಡೆ ಗುಂಪು ಮಾಡಿದರೆ ಇನ್ನೂ ಬೇಗ ಆಗುತ್ತದೆ.

ಅಕ್ಷರಗಳಲ್ಲೇ ನಾಲ್ಕು ಆಯ್ಕೆ ಕೊಟ್ಟಿರುವ ಪ್ರಶ್ನೆಗಳಲ್ಲಂತೂ ಯೂನಿಟ್ ಸಮಯ ಉಳಿಸುತ್ತದೆ. ಕೇಳಿರುವುದು ಕಾಲ ಆಗಿದ್ದು, ಒಂದು ಆಯ್ಕೆಯ ಯೂನಿಟ್ ಸೆಕೆಂಡ್ ಬಾರದಿದ್ದರೆ ಅದನ್ನು ಲೆಕ್ಕ ಮಾಡದೆಯೇ ಬಿಡಬಹುದು. ಎಷ್ಟೋ ಸಲ ನಾಲ್ಕರಲ್ಲಿ ಎರಡು ಹೀಗೇ ಹೋಗುತ್ತವೆ. ಬೋರ್ಡ್ ಪರೀಕ್ಷೆಯಲ್ಲಿ ಸಮಯ ಇರುತ್ತದೆ, ಅಲ್ಲಿ ಸೂತ್ರದಲ್ಲಿ ಬೆಲೆ ಹಾಕುವ ಸಾಲಿನಲ್ಲೂ ಉತ್ತರದ ಸಾಲಿನಲ್ಲೂ ಯೂನಿಟ್ ಬರೆಯಿರಿ. ನಾಳೆಯಿಂದಲೇ ಶುರು ಮಾಡಿ. ಈಗಾಗಲೇ ತಪ್ಪಾಗಿರುವ ನಿಮ್ಮ ಹಳೆಯ ಲೆಕ್ಕಗಳನ್ನು ತೆಗೆದು, ಎಷ್ಟು ಪಟ್ಟು ತಪ್ಪಿದೆ ಅಂತ ಪ್ರತಿಯೊಂದರ ಪಕ್ಕ ಬರೆದುಕೊಂಡು ಹೋಗಿ. ಸಾವಿರ ಎಷ್ಟು ಸಲ ಬಂತು, ಹತ್ತು ಸಾವಿರ ಎಷ್ಟು ಸಲ ಬಂತು ಅಂತ ನೋಡಿದರೆ ನಿಮ್ಮ ಕೈ ಎಲ್ಲಿ ಜಾರುತ್ತಿದೆ ಅನ್ನುವುದು ಗೊತ್ತಾಗುತ್ತದೆ.